ಅವಳು ನೆಟ್ಟ ಸುಗಂಧರಾಜ

ದೆವ್ವ ಭೂತ ಅಂದರೆ ನನಗೆ ಮೊದಲಿನಿಂದಲೂ ಅಸಡ್ಡೆ. ಕಲಬುರಗಿಯ ನಮ್ಮ ಓಣಿಯ ಹುಣಸೆಮರದ ಕೆಳಗೆ ಹೆಣ್ಣುಮಕ್ಕಳು ಕೂರಬಾರದು ಅನ್ನುತ್ತಿದ್ದರು. ನಾನು ಬೇಕೆಂದೇ ಅಲ್ಲಿ ಕೂತು ಹುಣಸೆಕಾಯಿ ತಿಂದವಳು. ಹಲ್ಲು ಜುಮ್ಮೆಂದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಅಂಥವಳು ಹೈದರಾಬಾದಿನ ಸನತ್‌ನಗರದಲ್ಲಿ, ಹಗಲೆಲ್ಲ ಕಾರ್ಖಾನೆಗಳ ಸದ್ದು ಕೇಳುವ ಜಾಗದಲ್ಲಿ, ಸತ್ತುಹೋದ ಒಬ್ಬ ಹೆಂಗಸಿನ ಜೊತೆ ವರ್ಷಗಟ್ಟಲೆ ಬಾಳಿದೆ ಅಂದರೆ ತವರಿನವರು ಈಗಲೂ ನಗುತ್ತಾರೆ. ನಗಲಿ. ಅವರೇನು ಆ ಮನೆಯಲ್ಲಿ ಇದ್ದು ನೋಡಿದವರಲ್ಲ.

ಆಕೆ ನನ್ನ ಗಂಡನ ಮೊದಲ ಹೆಂಡತಿ. ನಾನು ಎರಡನೆಯವಳು. ಬಿ.ಎ. ಮುಗಿಸಿ, ನೋಡಲು ಬಂದ ಗಂಡುಗಳಿಗೆಲ್ಲ ಎದುರು ಮಾತಾಡಿ, ಮೂವತ್ತು ದಾಟಿಸಿಕೊಂಡು ಮನೆಯಲ್ಲಿ ಕೂತಿದ್ದೆ. ಆಗ ಬಂದದ್ದು ಈ ಸಂಬಂಧ. ಬೀದರ್ ಕಡೆಯವರು, ಹುಡುಗ ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್, ಸ್ವಂತ ಮನೆ, ಮನೆಯಲ್ಲಿ ತಾಯಿ, ಮೂರನೇ ಇಯತ್ತೆ ಓದುವ ಒಬ್ಬಳು ಮಗಳು. ಹುಡುಗ ಅಂದದ್ದು ಮಾತಿಗೆ, ತಲೆ ನರೆತಿತ್ತು. ಈ ಸಲ ನಾನು ಎದುರು ಮಾತಾಡಲಿಲ್ಲ. ಆ ಮನುಷ್ಯ ನೆಲ ನೋಡುತ್ತಾ ಕೂತ ರೀತಿ ನನಗೆ ಯಾಕೋ ಹಿಡಿಸಿತು.

ಮದುವೆಯ ದಿನ ತಾಳಿಯ ಜೊತೆಗೆ ನನ್ನ ಕೊರಳಿಗೆ ಒಂದು ಪುಟ್ಟ ಬೆಳ್ಳಿ ಬಿಲ್ಲೆಯನ್ನೂ ಕಟ್ಟಿದರು. ಅದರ ಮೇಲೆ ಒಂದು ಹೆಣ್ಣಿನ ಆಕಾರ ಒತ್ತಿತ್ತು. ಎರಡನೆಯವಳಾಗಿ ಬಂದವಳು ಮೊದಲಿನವಳನ್ನು ಕೊರಳಲ್ಲಿ ಧರಿಸಬೇಕು, ಇಲ್ಲದಿದ್ದರೆ ಅವಳು ಸಿಟ್ಟಾಗುತ್ತಾಳೆ ಎಂಬುದು ಅವರ ಮನೆತನದ ರೂಢಿ. ಹೊಸ ಸೀರೆ ಉಡುವ ಮೊದಲು ಬಿಲ್ಲೆಗೆ ಮುಟ್ಟಿಸಬೇಕು, ಹೂ ಮುಡಿಯುವ ಮೊದಲು ಬಿಲ್ಲೆಗೆ ಒಂದೆಸಳು ಏರಿಸಬೇಕು. ಸುಲ್ತಾನ್ ಬಜಾರಿನಲ್ಲಿ ಗಂಡ ಕೊಡಿಸಿದ ನನ್ನ ಮೊದಲ ಸೀರೆಯನ್ನು ಅಂಗಡಿಯಿಂದ ತಂದಕೂಡಲೇ ಅತ್ತೆ ನನ್ನ ಕೈಯಿಂದ ಇಸಿದುಕೊಂಡು, ನನ್ನ ಎದೆಯ ಮೇಲಿನ ಆ ಬಿಲ್ಲೆಗೆ ಒತ್ತಿ, ಕಣ್ಣು ಮುಚ್ಚಿ ಏನೋ ಅಂದುಕೊಂಡು, ಆಮೇಲೆ ನನಗೆ ಕೊಟ್ಟರು. ನನ್ನ ಮುಖವನ್ನು ಅವರು ನೋಡಲೇ ಇಲ್ಲ.

ನಾನು ಆ ಮನೆಗೆ ಬಂದದ್ದು ಶ್ರಾವಣದಲ್ಲಿ. ಮೊದಲ ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಅಡುಗೆಮನೆಯ ಹಿಂದಿನ ಕಿಟಕಿಯಿಂದ ಒಂದು ಪರಿಮಳ ಒಳಗೆ ಬಂತು. ಬಂತು ಅಂದರೆ ಗಾಳಿಯಲ್ಲಿ ತೇಲಿ ಬಂದ ಹಾಗಲ್ಲ, ಈ ಮನೆಯ ದಾರಿ ಗೊತ್ತಿದ್ದವರು ಬಂದ ಹಾಗೆ. ಎಣ್ಣೆ, ಗ್ರೀಸಿನ ವಾಸನೆಯ ಆ ಬಡಾವಣೆಯಲ್ಲಿ ಇದೆಲ್ಲಿಂದ ಅಂತ ನಾನು ತಿರುಗಿ ನೋಡಿದರೆ, ಹುಡುಗಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ನನ್ನ ಕಡೆ ತಿರುಗದೆ, ಅಜ್ಜಿಗೆ ಹೇಳಿದಳು.

“ಆಯಿ, ಅವ್ವ ಬಂದ್ಲು.”

ಅತ್ತೆ ಕೈಯಲ್ಲಿದ್ದ ಕಡ್ಡಿಪೆಟ್ಟಿಗೆಯನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು.

“ಹಿತ್ತಲದಾಗ ನಿಶಿಗಂಧ ಐತಿ. ಅಕಿ ಹಚ್ಚಿದ್ದು” ಅಂದರು.

ನಿಶಿಗಂಧ ಅಂದರೆ ಸುಗಂಧರಾಜ, ಹಚ್ಚುವುದು ಅಂದರೆ ನೆಡುವುದು. ಇಲ್ಲಿನ ಪೇಟೆಯಲ್ಲಿ ಅದನ್ನೇ ಲಿಲ್ಲಿ ಅನ್ನುತ್ತಾರೆ. ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋಗಿ ನೋಡಿದೆ. ಎರಡು ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗ. ಒಂದು ಬದಿ ಬಟ್ಟೆ ಒಗೆಯುವ ಕಲ್ಲು, ಅದರಾಚೆ ಓಣಿಗೆ ತೆರೆಯುವ ಸಣ್ಣ ಗೇಟು. ಉಳಿದದ್ದೆಲ್ಲ ಪಾತಿಗಳು. ಕಿಟಕಿಯ ಎದುರಿಗೇ ಸುಗಂಧರಾಜ, ಹುಲ್ಲಿನಂಥ ಎಲೆಗಳ ನಡುವಿನಿಂದ ಎದೆಮಟ್ಟದ ದಂಟುಗಳು. ಗೋಡೆಯುದ್ದಕ್ಕೂ ಸೇವಂತಿಗೆ, ಮೂಲೆಯಲ್ಲಿ ಜರ್ಬೆರಾ, ಹಳದಿ ಗೋಲ್ಡನ್ ರಾಡ್. ಒಂದು ವಿಷಯ ನನಗೆ ಹೊಳೆಯಲು ಬಹಳ ದಿನ ಹಿಡಿಯಿತು. ಚೆಂಡು ಹೂವು, ಜೀನಿಯಾದಂತೆ ಒಂದು ಹಂಗಾಮಿಗೆ ಹೂ ಬಿಟ್ಟು ಸತ್ತುಹೋಗುವ ಗಿಡ ಅವಳು ಒಂದನ್ನೂ ನೆಟ್ಟಿರಲಿಲ್ಲ. ಎಲ್ಲವೂ ಬೇರಿನಲ್ಲಿ ಉಳಿಯುವಂಥವು. ಬುಡಕ್ಕೆ ಕತ್ತರಿಸಿ, ಒಣಗಿಸಿ, ಮರೆತುಬಿಡಿ, ಮತ್ತೆ ಬರುತ್ತವೆ.

ಅವಳ ಬಗ್ಗೆ ನನಗೆ ಗೊತ್ತಾದದ್ದು ತುಣುಕು ತುಣುಕಾಗಿ. ಸಣ್ಣ ಜ್ವರ ಅಂತ ಹಿಂದಿನ ಗೇಟಿನಿಂದ ಆಟೋ ಹತ್ತಿ ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಹೆಣವನ್ನೂ ಇಲ್ಲಿಗೆ ತರದೆ, ಅಲ್ಲಿಂದ ನೇರ ಊರಿಗೆ ಒಯ್ದು ಮಣ್ಣು ಮಾಡಿದರು. ಮಗು ಹೆದರುತ್ತದೆ ಅಂತ ಹುಡುಗಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟುಹೋಗಿದ್ದರು. ಹೀಗಾಗಿ ಆ ಮಗು ಕಣ್ಣಾರೆ ಕಂಡದ್ದು ಒಂದೇ, ತಾಯಿ ಆ ಗೇಟು ದಾಟಿ ಹೊರಗೆ ಹೋದದ್ದು. ಹೋದವರು ಬರಲೇಬೇಕಲ್ಲ. ಅದಕ್ಕೇ ದಿನಾ ಸಂಜೆ ಶಾಲೆಯ ಚೀಲ ಇಟ್ಟು ಕಿಟಕಿಯ ಬಳಿ ನಿಲ್ಲುತ್ತಿದ್ದಳು. ಗೇಟು ತೆರೆಯದಿದ್ದರೂ ಪರಿಮಳವಾದರೂ ಬರುತ್ತಿತ್ತು.

ನನ್ನ ಜೊತೆ ಅವಳು ಜಗಳವಾಡಿದ್ದಿಲ್ಲ. ಆಡಿದ್ದರೆ ಚೆನ್ನಾಗಿತ್ತು, ಜಗಳದಲ್ಲಿ ನಾನು ಪಳಗಿದವಳು. ಕೊಟ್ಟದ್ದು ತಿನ್ನುತ್ತಿದ್ದಳು, ಜಡೆ ಹಾಕಿಸಿಕೊಳ್ಳುತ್ತಿದ್ದಳು. ಆದರೆ ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಅವ್ವ ಅಲ್ಲ, ಚಿಗವ್ವ ಅಲ್ಲ, ಕಡೆಗೆ ಮಾವಶಿ ಅಂತಲೂ ಇಲ್ಲ. “ರೀ, ನೀರು ಕೊಡ್ರಿ”, “ರೀ, ಸಾಲಿಗೆ ಹೊತ್ತಾತ್ರಿ.” ಬಸ್ಸಿನಲ್ಲಿ ಗುರುತಿಲ್ಲದವರನ್ನು ಕರೆದ ಹಾಗೆ. ನನಗೆ ಸಿಟ್ಟು ಬರುತ್ತಿದ್ದದ್ದು ಹುಡುಗಿಯ ಮೇಲಲ್ಲ, ಹಿತ್ತಲಿನಲ್ಲಿ ನೆಟ್ಟಗೆ ನಿಂತ ಆ ದಂಟುಗಳ ಮೇಲೆ.

ಸತ್ತ ಎಮ್ಮೆ ಸೇರುಗಟ್ಟಲೆ ಹಾಲು ಕೊಡುತ್ತಿತ್ತು ಎನ್ನುವ ಮಾತಿದೆಯಲ್ಲ, ಆ ಮನೆಯಲ್ಲಿ ಅದೂ ಇರಲಿಲ್ಲ. ಅವಳನ್ನು ಯಾರೂ ಹೊಗಳುತ್ತಿರಲಿಲ್ಲ, ಅವಳ ಹೆಸರನ್ನೇ ಎತ್ತುತ್ತಿರಲಿಲ್ಲ. ಬರೀ ‘ಅಕಿ’. ಒಮ್ಮೆ ಮಾತ್ರ, ನಾನು ಹಿತ್ತಲಿನಲ್ಲಿ ಬಗ್ಗಿ ಕಳೆ ಕೀಳುತ್ತಿದ್ದಾಗ, ಅತ್ತೆ ಒಳಗಿನಿಂದ ಅವಳ ಹೆಸರು ಹಿಡಿದು ಕೂಗಿದರು. ನಾನು “ಬಂದೆ ಅತ್ತಿ” ಅಂತ ಓಗೊಟ್ಟು, ಕೈ ತೊಳೆದು ಒಳಗೆ ಹೋದೆ. ಎದುರುಬದುರು ನಿಂತಮೇಲೆ ಇಬ್ಬರಿಗೂ ಅರ್ಥವಾಯಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೆ ಆ ದಿನ ಊಟ ಸೇರಲಿಲ್ಲ.

ಅದು ಸೈಬರಾಬಾದ್ ಅನ್ನುವ ಹೆಸರು ಎಲ್ಲರ ಬಾಯಲ್ಲಿ ಓಡಾಡುತ್ತಿದ್ದ ಕಾಲ. ಮಾಧಾಪುರದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ನಮ್ಮ ಕಲಬುರಗಿ, ಬೀದರ್ ಕಡೆಯ ಜನ ಕಲ್ಲು ಸಿಮೆಂಟು ಹೊತ್ತು ಕಟ್ಟಿದ ಕಟ್ಟಡಗಳಲ್ಲಿ ಮೈಸೂರು, ಮಂಗಳೂರು ಕಡೆಯ ಮಕ್ಕಳು ಬಂದು ತಣ್ಣಗೆ ಕೂರುತ್ತಿದ್ದರು. ಅಂಥ ಒಬ್ಬಳು ಮೈಸೂರಿನ ಹುಡುಗಿ ನಮ್ಮ ಮುಂದಿನ ಕೋಣೆಗೆ ಬಾಡಿಗೆಗೆ ಬಂದಳು. ಕಂಪ್ಯೂಟರ್ ಕೆಲಸ. ನಮ್ಮ ಮಾತು ಕೇಳಿ ಮೊದಲ ದಿನ ನಕ್ಕಳು, ಅವಳ ಮಾತು ಕೇಳಿ ಅತ್ತೆ ನಕ್ಕರು, ಅಲ್ಲಿಗೆ ಸರಿಹೋಯಿತು.

ಒಂದು ಬೆಳಿಗ್ಗೆ ಆಕೆ ಹಿತ್ತಲಿನಲ್ಲಿ ಹಲ್ಲುಜ್ಜುತ್ತಾ ನಿಂತು ಕೇಳಿದಳು. “ಅಕ್ಕಾ, ಇಷ್ಟೊಂದು ಹೂ ಏನ್ಮಾಡ್ತೀರಿ? ನಮ್ಮ ಆಫೀಸಿನ ರಿಸೆಪ್ಷನ್‌ನಲ್ಲಿ ಇಡೋಕೆ ದಂಟಿನ ಸಮೇತ ಇಂಥದ್ದೇ ಹುಡುಕ್ತಾ ಇದಾರೆ.”

ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ. ನಾನು ತೂರಿಕೊಂಡೆ. ನಿಜ ಹೇಳಬೇಕೆಂದರೆ ಗಳಿಕೆಯ ಆಸೆಗಿಂತ ಹೆಚ್ಚಾಗಿ, ಆ ಪಾತಿಗೆ ಕತ್ತರಿ ಹಾಕಲು ನನಗೊಂದು ನೆವ ಸಿಕ್ಕಿತು. ಹೂ ಕೊಯ್ಯುವ ಪದ್ಧತಿಯನ್ನು ಕಲಿತೆ. ಬಿಸಿಲೇರುವ ಮೊದಲು, ಓರೆಯಾಗಿ ಕತ್ತರಿಸಬೇಕು, ಕತ್ತರಿಸಿದ ತಕ್ಷಣ ಬಕೀಟಿನ ನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿಸಿಡಬೇಕು. ಜರ್ಬೆರಾಕ್ಕೆ ಕತ್ತರಿ ಸಲ್ಲದು, ಬುಡ ಹಿಡಿದು ತಿರುವಿ ಎಳೆಯಬೇಕು. ಸುಗಂಧರಾಜದ ಕೆಳಗಿನ ಒಂದೆರಡು ಮೊಗ್ಗು ಬಿರಿದೊಡನೆ ಕತ್ತರಿಸಿಬಿಡಬೇಕು, ಉಳಿದವು ಹೂದಾನಿಯಲ್ಲಿ ಒಂದೊಂದಾಗಿ ಅರಳಿಕೊಳ್ಳುತ್ತವೆ. ಅತ್ತೆಗೆ ಇದು ಬಿಲ್ಕುಲ್ ಹಿಡಿಸಲಿಲ್ಲ.

“ಹೂವ ಅಂದ್ರ ಮಾಲಿ ಕಟ್ಟಬೇಕು, ದೇವರಿಗೇರಿಸಬೇಕು. ಜ್ವಾಳದ ದಂಟಿನಂಗ ಕೊಯ್ದು ಕಟ್ಟಿಗಿ ಹೊರಿ ಕಟ್ಟಾಕತ್ತಿಯಲ್ಲ” ಅಂದರು. ಮತ್ತೆ ಕಿಟಕಿಯ ಎದುರಿನ ಪಾತಿ ತೋರಿಸಿ, “ಮದಲನೇ ದಂಟು ಅಕಿದು. ಪೂರಾ ಅರಳೂ ತನಕ ಮುಟ್ಟಬ್ಯಾಡ. ಮೊಗ್ಗಿ ಹಿರೇರಿಗೆ ಏರಸಂಗಿಲ್ಲ” ಅಂದರು.

ಹೀಗೆ ಪ್ರತಿ ಮಳೆಗಾಲ ಮೊದಲ ದಂಟು ಅವಳಿಗೆ, ಉಳಿದದ್ದು ಗಾಜಿನ ಕಟ್ಟಡಕ್ಕೆ. ಬಾಡಿಗೆಗಿದ್ದ ಮೈಸೂರಿನವಳೇ ಸೋಮವಾರದ ಬೆಳಿಗ್ಗೆ ಆಫೀಸಿನ ವಾಹನದಲ್ಲಿ ಕೊಂಡೊಯ್ಯುತ್ತಿದ್ದಳು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅಂತ ನಾನು ಗಂಡನ ಹತ್ತಿರ ಜಂಬ ಕೊಚ್ಚಿಕೊಂಡೆ. ನಮ್ಮ ಮನೆಯ ಹುಡುಗಿ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕತ್ತರಿ ಕಾಯುತ್ತಿದ್ದಳು. ಒಂದು ದಿನ ನೋಡಿದರೆ ಕಿಟಕಿಯ ಹತ್ತಿರದ ಕೆಲವು ದಂಟುಗಳಿಗೆ ಕೆಂಪು ದಾರ ಕಟ್ಟಿದೆ. ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಎಳೆದ ದಾರ. ಯಾರ ಸೀರೆ ಅಂತ ನಾನು ಕೇಳಲಿಲ್ಲ. ದಾರ ಕಟ್ಟಿದ್ದನ್ನು ಬಿಟ್ಟು ಉಳಿದದ್ದನ್ನು ಕತ್ತರಿಸಿದೆ.

ಬರಬರುತ್ತಾ ಹೂ ಕಡಿಮೆಯಾದವು. ದಂಟುಗಳು ಗಿಡ್ಡಾದವು, ಎಲೆ ಮಾತ್ರ ಒತ್ತೊತ್ತಾಗಿ ಬೆಳೆಯಿತು. ನನಗೆ ಕಾರಣ ಗೊತ್ತಿತ್ತು. ನೆಲದೊಳಗೆ ಗಡ್ಡೆ ಮರಿ ಹಾಕಿ, ಮರಿ ಮತ್ತೆ ಮರಿ ಹಾಕಿ, ಕಾಲೂರಲು ಜಾಗವಿಲ್ಲದಂತೆ ತುಂಬಿಕೊಂಡಿರುತ್ತವೆ. ಕೆಲವು ವರ್ಷಕ್ಕೊಮ್ಮೆ ಅಗೆದು, ಬಿಡಿಸಿ, ದೂರದೂರ ನೆಡಬೇಕು. ಸೇವಂತಿಗೆಯನ್ನು ನಾನು ಯಾರನ್ನೂ ಕೇಳದೆ ಬುಡ ಒಡೆದು ನೆಟ್ಟಿದ್ದೆ, ಅವು ಚೆನ್ನಾಗಿಯೇ ಬಂದವು. ಆದರೆ ಈ ಪಾತಿಯ ಮಾತು ಎತ್ತಿದೊಡನೆ ಊಟಕ್ಕೆ ಕೂತವರ ಕೈ ತಾಟಿನಲ್ಲೇ ನಿಂತಿತು.

“ಅದೊಂದು ಬಿಟ್ಟುಬಿಡು” ಅಂದರು ನನ್ನ ಗಂಡ, ಎಂದಿನಂತೆ ನೆಲ ನೋಡುತ್ತಾ.

“ಅಲ್ಲಿ ಕುರ್ಪಿ ತಾಗಸಬ್ಯಾಡ. ಅಕಿ ಅದಾಳ ಅಲ್ಲಿ” ಅಂದರು ಅತ್ತೆ.

ನನ್ನ ನಾಲಗೆ ಸುಮ್ಮನಿರಲಿಲ್ಲ. “ಎಲ್ಲೆಲ್ಲಿ ಅದಾಳ್ರಿ ಅತ್ತಿ? ನನ್ನ ಕೊರಳಾಗ ಒಬ್ಬಾಕಿ, ಹಿತ್ತಲದಾಗ ಒಬ್ಬಾಕಿ. ನಾ ಎಲ್ಲಿರಬೇಕು ಅದರ ಹೇಳ್ರಿ” ಅಂದೆ.

ಅತ್ತೆ ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಮೆಲ್ಲಗೆ ಹೇಳಿದರು. ಆಸ್ಪತ್ರೆಗೆ ಹೋಗುವ ದಿನ ಕೈ ಊದಿಕೊಂಡಿತ್ತಂತೆ. ಹಸಿರು ಬಳೆಗಳನ್ನು ಸೋಪು ಹಚ್ಚಿ ಒಂದೊಂದಾಗಿ ಇಳಿಸಿ, “ಬಂದ ಮ್ಯಾಲ ಹಾಕ್ಕೋತೀನಿ, ಇಟ್ಟಿರ್ರಿ” ಅಂತ ಅತ್ತೆಯ ಕೈಗೆ ಕೊಟ್ಟುಹೋದಳಂತೆ. ಮುತ್ತೈದೆಯ ಬಳೆಗಳನ್ನು ಎಸೆಯುವಂತಿಲ್ಲ, ಬೇರೆಯವರು ತೊಡುವಂತಿಲ್ಲ. ಊರಿನಿಂದ ಬಂದಮೇಲೆ ಅವನ್ನು ಅವಳದೇ ಗಿಡದ ಬುಡದಲ್ಲಿ ಹೂತರಂತೆ. ಅಂದಿನಿಂದ ಅಲ್ಲಿ ಯಾರೂ ಅಗೆದಿಲ್ಲ. ಇದನ್ನು ಕೇಳಿದ ಮೇಲೆ ನಾನೂ ಆ ಪಾತಿಯ ಮಾತು ಬಿಟ್ಟೆ.

ಮುಂದಿನ ಮಳೆಗಾಲ ಆ ಪಾತಿಯಲ್ಲಿ ಒಂದು ದಂಟೂ ಏಳಲಿಲ್ಲ. ಆಷಾಢ ಕಳೆಯಿತು, ಶ್ರಾವಣ ಕಳೆಯಿತು. ಬರೀ ಎಲೆ. ನಾನು ದೀಪ ಹಚ್ಚುವಾಗ ಕಿಟಕಿಯಿಂದ ಒದ್ದೆ ಮಣ್ಣಿನ ವಾಸನೆ, ಕಾರ್ಖಾನೆಯ ವಾಸನೆ, ಅಷ್ಟೇ ಬರುತ್ತಿತ್ತು. ಆ ಮನೆಯಲ್ಲಿ ಅವಳಿಲ್ಲದ ಸಂಜೆಗಳು ಅವೇ ಮೊದಲು. ನನಗೆ ಹಗುರ ಅನ್ನಿಸಬೇಕಿತ್ತು. ಅದರ ಬದಲು ಹೆದರಿಕೆಯಾಗತೊಡಗಿತು, ಯಾಕೆಂದರೆ ಹುಡುಗಿ ಬದಲಾಗಿದ್ದಳು. ಕಿಟಕಿಯ ಬಳಿ ಕತ್ತಲಾಗುವವರೆಗೆ ನಿಂತಿದ್ದು, ಊಟ ಬೇಡ ಅಂತ ಹೋಗಿ ಮಲಗುತ್ತಿದ್ದಳು. ಜಡೆ ಹಾಕುವಾಗ ಬೆನ್ನಿನ ಮೂಳೆ ಕೈಗೆ ಸಿಗುತ್ತಿತ್ತು. ಶಾಲೆಯ ಟೀಚರಮ್ಮ ಒಮ್ಮೆ ಕರೆಸಿ, “ಪಾಪ ಅಸಲು ಮಾಟ್ಲಾಡದು” ಅಂದರು, ಮಗು ಮಾತೇ ಆಡುವುದಿಲ್ಲ ಅಂತ.

ಒಂದು ಸಂಜೆ ತಟ್ಟೆ ಹಿಡಿದು ಅವಳ ಪಕ್ಕ ನಿಂತು, “ಒಂದು ತುತ್ತು ತಿನ್ನು” ಅಂದೆ. ಅವಳು ತಿರುಗಿ ನನ್ನನ್ನೇ ನೋಡಿದಳು. ಬಂದಂದಿನಿಂದ ಹಾಗೆ ನೋಡಿದ್ದು ಅದೇ ಮೊದಲು.

“ನೀವು ಕೊಯ್ದು ಕೊಯ್ದು ಮಾರಿದ್ರಿ. ಅದಕ್ಕ ಅವ್ವ ಬರವಲ್ಲಳು” ಅಂದಳು.

ನಾನು ತಟ್ಟೆ ಕೆಳಗಿಟ್ಟೆ. ಕತ್ತರಿಸಿದ್ದರಿಂದ ಅಲ್ಲ, ಅಗೆಯದೇ ಇದ್ದದ್ದರಿಂದ ಅಂತ ಹೇಳಬಹುದಿತ್ತು. ಆದರೆ ಹನ್ನೊಂದು ಹನ್ನೆರಡರ ಮಗುವಿನ ಮುಂದೆ ವಾದ ಗೆದ್ದು ಏನು ಮಾಡುವುದು? ಆ ಮಗು ತಾಯಿಯನ್ನು ಎರಡನೇ ಸಲ ಕಳೆದುಕೊಳ್ಳುತ್ತಿತ್ತು, ಈ ಸಲ ಕಣ್ಣೆದುರಿಗೇ. ಆ ಹೊತ್ತು ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಈ ಸವತಿ ತೊಲಗಲಿ ಅಂತ ಇಷ್ಟು ವರ್ಷ ಹಾರೈಸಿದವಳು ನಾನೇ, ಈಗ ಅವಳನ್ನು ತಿರುಗಿ ಕರೆತರಬೇಕಾದವಳೂ ನಾನೇ. ಬೇರೆ ಯಾರಿಗೂ ಆ ಕೆಲಸ ಗೊತ್ತಿರಲಿಲ್ಲ.

ಎಲೆ ಹಳದಿಯಾಗಿ ಒಣಗುವವರೆಗೆ ಕಾದೆ. ಸಂಕ್ರಾಂತಿ ಕಳೆದ ಮೇಲೆ ಒಂದು ರವಿವಾರ ಹುಡುಗಿಯನ್ನು ಕರೆದು, ಪಾತಿಯ ಅಂಚಿನ ಮಣ್ಣನ್ನು ಬೆರಳಿನಿಂದಲೇ ಕೆರೆದು ತೋರಿಸಿದೆ. ಗಡ್ಡೆಗಳು ಬೆಳ್ಳುಳ್ಳಿ ಎಸಳಿನ ಹಾಗೆ ಒಂದಕ್ಕೊಂದು ಬಿಗಿದು ಕೂತಿದ್ದವು.

“ನೋಡು, ಇವಕ್ಕ ಉಸಿರು ಕಟ್ಟೈತಿ. ಬಿಡಿಸಿ ಹಚ್ಚಿದ್ರ ಮಳಿಗಾಲಕ್ಕ ಹೂವ ಬರ್ತಾವ” ಅಂದೆ.

ಅವಳೂ ಬೆರಳು ಹಾಕಿ ನೋಡಿದಳು. ಆಮೇಲೆ ತಾನೇ ಒಳಗೆ ಹೋಗಿ ಮಣ್ಣು ಅಗೆಯುವ ಕುರ್ಪಿ ತಂದಳು. “ಉಸಿರು ಕಟ್ಟೈತಿ ಅಂದ್ರ ತಗೀರಿ ಮತ್ತ” ಅಂದಳು.

ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಬಂದು ಕೂತರು. ಬೇಡ ಅನ್ನಲಿಲ್ಲ, ಮೊಮ್ಮಗಳು ಕುರ್ಪಿ ಹಿಡಿದದ್ದನ್ನು ನೋಡಿ ಬಾಯಿ ತೆರೆಯಲಾಗಲಿಲ್ಲವೇನೋ. ನಾವಿಬ್ಬರೂ ಸುತ್ತ ಸಡಿಲಿಸಿ, ಇಡೀ ಬುಡವನ್ನು ಒಂದೇ ಮುದ್ದೆಯಾಗಿ ಮೇಲೆತ್ತಿದೆವು. ಮಣ್ಣು ಉದುರಿಸಿದಾಗ ಹಸಿರು ಗಾಜು ಕಾಣಿಸಿತು. ಹೆಚ್ಚಿನ ಬಳೆಗಳು ಬಿಡಿಯಾಗಿ ಕೈಗೆ ಬಂದವು. ಒಂದು ಮಾತ್ರ ಬರಲಿಲ್ಲ. ಅದರ ನಡುವಿನಿಂದ ಗಡ್ಡೆಗಳು ತೂರಿ, ಎರಡೂ ಬದಿಗೆ ಉಬ್ಬಿ, ಬಳೆಯನ್ನು ತೊಟ್ಟುಕೊಂಡು ಕೂತಿದ್ದವು. ಊದಿದ ಕೈಯ ಹಾಗೆಯೇ ಕಾಣುತ್ತಿತ್ತು. ಹುಣಸೆಮರದ ಕೆಳಗೆ ಕೂತ ಧೈರ್ಯ ಆ ಹೊತ್ತಿನಲ್ಲಿ ಎಲ್ಲಿ ಹೋಯಿತೋ.

“ಬಳಿ ತಗೀದಿದ್ರ ಗಡ್ಡಿ ಬಿಡಿಸಾಕ ಬರಂಗಿಲ್ರಿ ಅತ್ತಿ” ಅಂದೆ.

“ಮುತ್ತೈದಿ ಬಳಿ ಒಡೀಬಾರ್ದು” ಅಂದರು.

ಹುಡುಗಿ ಆ ಮುದ್ದೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಅಜ್ಜಿಯ ಮಡಿಲಲ್ಲಿಟ್ಟಳು. ಮಣ್ಣಿನ ಸಮೇತ. ಅತ್ತೆ ಅದನ್ನು ಸವರಿದರು, ಬಳೆಯ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿದರು. ಅವರು ಅಳುವುದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಒಂದು ಕಲ್ಲು ತೆಗೆದುಕೊಂಡು, ಬಳೆ ಒಡೆಯುವಾಗ ನಮ್ಮ ಕಡೆ ಹೇಳುವಂತೆ “ಹೆಚ್ಚಾಗಲಿ ತಾಯಿ, ಹೆಚ್ಚಾಗಲಿ” ಅನ್ನುತ್ತಾ ತಾವೇ ಒಡೆದರು. ಗಡ್ಡೆಗಳು ಮಡಿಲ ತುಂಬ ಬಿಡಿಬಿಡಿಯಾಗಿ ಬಿದ್ದವು. ಅವನ್ನು ಹುಡುಗಿಯೂ ನಾನೂ ಹಿತ್ತಲ ತುಂಬ ನೆಟ್ಟೆವು.

ಮಳೆಗಾಲ ಬಂತು. ಎಲೆಗಳು ದಷ್ಟಪುಷ್ಟವಾಗಿ ಎದ್ದವು. ದಂಟು ಏಳಲಿಲ್ಲ. ಅಷ್ಟು ವರ್ಷ ಉಸಿರುಕಟ್ಟಿ ಸೊರಗಿದ ಗಡ್ಡೆಗಳು, ಮೊದಲು ತಾವು ದಪ್ಪವಾಗಬೇಕು, ಆಮೇಲೆ ಹೂವಿನ ಮಾತು. ಮುಂದಿನ ವರ್ಷಕ್ಕೆ ಬರುತ್ತವೆ ಅಂತ ನನಗೆ ಕಾಣುತ್ತಿತ್ತು. ಆದರೆ ನಾನು ಆ ಮಗುವಿಗೆ ಮಾತು ಕೊಟ್ಟಿದ್ದೆ. ಅವಳು ದಿನಾ ಬೆಳಿಗ್ಗೆ ಎಲೆಗಳ ನಡುವೆ ಬೆರಳಾಡಿಸಿ ದಂಟು ಹುಡುಕುತ್ತಿದ್ದಳು. ಸಿಗದೆ ಎದ್ದುಹೋಗುತ್ತಿದ್ದಳು. ಮತ್ತೆ ಊಟ ಬಿಡತೊಡಗಿದಳು.

ಒಂದು ಮಧ್ಯಾಹ್ನ ನಾನು ಬಸ್ಸು ಹತ್ತಿ, ನಡುವೆ ಇಳಿದು ಮತ್ತೊಂದು ಬಸ್ಸು ಹಿಡಿದು, ಗುಡಿಮಲ್ಕಾಪುರದ ಹೂವಿನ ಮಾರುಕಟ್ಟೆಗೆ ಹೋದೆ. ಹೂ ಬೆಳೆಯುವವಳು ಹೂ ಕೊಳ್ಳಲು ಹೋದದ್ದು. “ಎನ್ನಿ ಕಟ್ಟಲಮ್ಮಾ?” ಅಂತ ಮಾರುವವಳು ಕೇಳಿದಾಗ, ಎಷ್ಟು ಕಟ್ಟು ಬೇಕು ಅಂತ ನನಗೇ ಗೊತ್ತಿರಲಿಲ್ಲ. ಒಂದು ಮಗುವಿಗೆ ಒಂದು ಸಂಜೆಗೆ ಎಷ್ಟು ತಾಯಿ ಬೇಕು? ಒಂದು ಕಟ್ಟು ಕೊಂಡು, ಪೇಪರಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಸವತಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಮನೆಗೆ ಕರೆತರುವ ಹೆಂಗಸು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು ಅನ್ನಿಸಿ ನಗು ಬಂತು. ಪಕ್ಕದವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

ಹುಡುಗಿ ಶಾಲೆಯಿಂದ ಬರುವ ಮೊದಲೇ ಹಿಂದಿನ ಗೇಟಿನಿಂದ ಒಳಗೆ ಬಂದು, ದಂಟುಗಳನ್ನು ನೀರಿನ ಬಕೀಟಿನಲ್ಲಿಟ್ಟು, ಬಕೀಟನ್ನು ಸರಿಯಾಗಿ ಕಿಟಕಿಯ ಕೆಳಗೆ, ಒಗೆಯುವ ಕಲ್ಲಿನ ಮರೆಯಲ್ಲಿಟ್ಟೆ. ಕಿಟಕಿಯಲ್ಲಿ ನಿಂತವರಿಗೆ ಕಾಣುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಪರಿಮಳ ಏರಿತು. ನಾನು ಹುಡುಗಿಯ ಬೆನ್ನು ನೋಡುತ್ತಿದ್ದೆ. ‘ಅವ್ವ ಬಂದ್ಲು’ ಅನ್ನುತ್ತಾಳೆ ಅಂತ ಕಾದೆ. ಅವಳು ಏನೂ ಅನ್ನಲಿಲ್ಲ. ಕಿಟಕಿಯ ಸರಳಿಗೆ ಹಣೆಯೊತ್ತಿ ಒಮ್ಮೆ ಕೆಳಗೆ ನೋಡಿ, ಮತ್ತೆ ನೆಟ್ಟಗಾಗಿ, ಬಂದು ಊಟಕ್ಕೆ ಕೂತಳು. ರೊಟ್ಟಿ ಮುರಿದು ಪಲ್ಯ ಹಚ್ಚಿ ತಿಂದಳು, ಇನ್ನೊಂದು ಕೇಳಿದಳು.

ಅಲ್ಲಿಂದ ಅದೇ ನನ್ನ ಕೆಲಸವಾಯಿತು. ಹೂ ಬಾಡುವ ಹೊತ್ತಿಗೆ ಹೊಸ ಕಟ್ಟು ತರುವುದು. ಮನೆಯಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಆದರೆ ಬೆಳಿಗ್ಗೆ ನೋಡಿದರೆ ಬಕೀಟಿನ ನೀರು ಬದಲಾಗಿರುತ್ತಿತ್ತು, ಬಾಡಿದ ಹೂ ಕಿತ್ತಿರುತ್ತಿತ್ತು, ದಂಟಿನ ತುದಿ ಮತ್ತೆ ಓರೆಯಾಗಿ ಕತ್ತರಿಸಿರುತ್ತಿತ್ತು. ನಾನು ಮುಟ್ಟಿರಲಿಲ್ಲ. ಅತ್ತೆ ಇರಬೇಕು ಅಂದುಕೊಂಡೆ, ಆದರೆ ಅತ್ತೆಗೆ ಕತ್ತರಿ ಹಿಡಿಯುವುದೇ ಬರುವುದಿಲ್ಲ. ಗಂಡನಂತೂ ಅಲ್ಲ. ಯಾರು ಅಂತ ಯೋಚಿಸಿದಾಗ, ಹಗಲು ಹೊತ್ತಿನಲ್ಲೇ, ನನ್ನ ಬೆನ್ನ ಹಿಂದೆ ಯಾರೋ ನಿಂತಂತೆ ಆಗುತ್ತಿತ್ತು. ಎದೆಯ ಮೇಲಿನ ಬಿಲ್ಲೆ ಮುಟ್ಟಿನೋಡಿಕೊಳ್ಳುತ್ತಿದ್ದೆ. ನೀನೇ ಏನು ಅಂತ ಒಮ್ಮೆ ಕೇಳಿಯೂಬಿಟ್ಟೆ. ದೆವ್ವವನ್ನು ನಂಬದವಳು ನಾನು.

ಒಂದು ದಿನ ಮಾರುಕಟ್ಟೆಯಿಂದ ಹೊರಟಾಗ ಮಳೆ ಶುರುವಾಯಿತು. ಹೊಸ ಫ್ಲೈಓವರಿಗೆ ರಸ್ತೆ ಅಗೆದಿದ್ದರು, ನೀರು ನಿಂತು ಬಸ್ಸುಗಳೆಲ್ಲ ಸಾಲುಗಟ್ಟಿ ನಿಂತುಬಿಟ್ಟವು. ಹುಡುಗಿ ಶಾಲೆಯಿಂದ ಬರುವ ಹೊತ್ತಾಯಿತು, ಆಮೇಲೆ ದೀಪ ಹಚ್ಚುವ ಹೊತ್ತೂ ಆಯಿತು. ನಾನು ಇಳಿದು, ಸೀರೆ ಎತ್ತಿ ಕಟ್ಟಿ, ಮಂಡಿಮಟ್ಟದ ನೀರಿನಲ್ಲಿ ನಡೆದೆ. ಈವತ್ತು ಸಿಕ್ಕಿಬೀಳುತ್ತೇನೆ, ಇಷ್ಟು ದಿನದ ಮೋಸ ಆ ಮಗುವಿಗೆ ತಿಳಿಯುತ್ತದೆ, ಇನ್ನು ಅವಳು ನನ್ನ ಕೈಯ ನೀರನ್ನೂ ಮುಟ್ಟುವುದಿಲ್ಲ, ಬರೀ ಇದೇ ಯೋಚನೆ. ಹಿಂದಿನ ಗೇಟು ತಳ್ಳಿದಾಗ ಮಬ್ಬು ಕವಿದಿತ್ತು. ಕಿಟಕಿಯಲ್ಲಿ ಹುಡುಗಿ ನಿಂತಿದ್ದಳು. ನನ್ನ ಕೈಯಲ್ಲಿ ಒದ್ದೆ ಪೇಪರು ಹರಿದು ದಂಟುಗಳೆಲ್ಲ ಹೊರಗೆ ಚಾಚಿದ್ದವು. ಬಚ್ಚಿಡಲು ಜಾಗವಿರಲಿಲ್ಲ.

ಅವಳು ಕಿಟಕಿ ಬಿಟ್ಟು, ಹಿತ್ತಲ ಬಾಗಿಲು ತೆಗೆದುಕೊಂಡು, ಮಳೆಯಲ್ಲೇ ಇಳಿದು ಬಂದಳು. ಬಂದವಳು ನನ್ನ ಕೈಯಿಂದ ಹೂ ಇಸಿದುಕೊಂಡು, ನೇರ ಹೋಗಿ ಕಲ್ಲಿನ ಮರೆಯಲ್ಲಿದ್ದ ಬಕೀಟಿನಲ್ಲಿಟ್ಟಳು. ಅದರಲ್ಲಿ ಹೊಸ ನೀರು ತುಂಬಿಟ್ಟಿತ್ತು. ಕತ್ತರಿ ಅಲ್ಲೇ ಕಲ್ಲಿನ ಮೇಲಿತ್ತು.

“ಇವು ಅವ್ವನ ಹೂವಲ್ಲ. ಇವಕ್ಕ ಎಸಳು ಭಾಳ, ವಾಸನಿ ಕಮ್ಮಿ. ಮದಲನೇ ದಿನಾನ ಗೊತ್ತಾಗಿತ್ತು ನನಗ” ಅಂದಳು.

“ಗೊತ್ತಿದ್ದೂ ಮತ್ಯಾಕ ದಿನಾ ಕಿಡಕ್ಯಾಗ ನಿಂದರ್ತಿದ್ದಿ?” ಅಂತ ಕೇಳಿದೆ.

ಅವಳು ನನ್ನ ಒದ್ದೆ ಸೆರಗನ್ನು ಹಿಂಡುತ್ತಾ, ದೊಡ್ಡವರು ಚಿಕ್ಕವರನ್ನು ಬೈಯುವ ದನಿಯಲ್ಲಿ ಹೇಳಿದಳು.

“ಸಾಲಿಂದ ಬರೂದ್ರಾಗ ದಿನಾ ಮನಿಯಾಗ ಇರ್ತಿದ್ರಿ. ಇವತ್ತ ಬಂದು ನೋಡಿದ್ರ ಇಲ್ಲ. ದೀಪ ನಾನ ಹಚ್ಚಿದೆ. ಇದ ಗೇಟಿನಿಂದ ಹೋಗ್ತೀರಂತ ಆಯಿ ಹೇಳಿದ್ಲು. ನೀವೂ ಬರಂಗಿಲ್ಲೇನೋ ಅಂತ ನೋಡಾಕತ್ತಿದ್ದೆ.”

ಹಿಡಿದ ಸೆರಗನ್ನು ಅವಳು ಬಿಡಲಿಲ್ಲ. ನಾನು, “ಬಸ್ ಸಿಗಲಿಲ್ಲ” ಅಂದೆ.